ಸಾಕುಹಾವು ಗಂಡೋ ಹೆಣ್ಣೋ: ಪ್ರೋಬ್ ಹಾಕುವ ಮೊದಲು ತಿಳಿದಿರಬೇಕಾದದ್ದು

ಬಾಲ್ ಪೈಥಾನ್ ಅಥವಾ ಕಾರ್ನ್ ಸ್ನೇಕ್ ಚಿಕಿತ್ಸೆಗೆ ಬಂದಾಗ ಅದರ ಹಳೆಯ ಚೀಟಿಯಲ್ಲಿ ‘ಹೆಣ್ಣು’ ಎಂದು ಬರೆದಿದ್ದರೆ, ಯಾವ ವಿಧಾನದಿಂದ ನೋಡಿ ಹಾಗೆ ಬರೆದರು ಎಂದು ಮೊದಲು ಕೇಳಿ. ಹಾವು ಗಂಡು ಎನ್ನುವುದಕ್ಕೆ ಅಳತೆಗೆ ಸಿಗುವ ಸಾಕ್ಷಿ ಇದೆ. ಹೆಣ್ಣು ಎನ್ನುವ ತೀರ್ಮಾನ ಬಹಳ ಸಲ ಆ ಸಾಕ್ಷಿ ಸಿಗಲಿಲ್ಲ ಎಂಬುದರ ಮೇಲಷ್ಟೇ ನಿಂತಿರುತ್ತದೆ. ಸಿಗದಿರಲು ಹಾವು ಬಾಲವನ್ನು ಬಿಗಿಹಿಡಿದದ್ದೂ ಕಾರಣವಾಗಿರಬಹುದು. ಇದನ್ನು ಮರೆತವರೇ ಅನುಮಾನ ಬಂದಾಗ ಪ್ರೋಬನ್ನು (ಬಾಲದ ಬುಡದೊಳಗೆ ಆಳ ಅಳೆಯಲು ಹಾಕುವ ತೆಳು ಕಡ್ಡಿ) ಇನ್ನಷ್ಟು ಒತ್ತುತ್ತಾರೆ.

ತಪ್ಪಾದರೆ ಹಾವಿಗೆ ತೊಂದರೆ. ಕಾರ್ನ್ ಸ್ನೇಕ್ ಹೆಣ್ಣು ಗಂಡಿನ ಜೊತೆ ಸೇರದೆಯೂ ಮೊಟ್ಟೆ ಇಡಬಲ್ಲದು. ಅದನ್ನು ಗಂಡು ಎಂದು ನಂಬಿದ ಮನೆಯಲ್ಲಿ ಹೊಟ್ಟೆ ಊದಿದಾಗ ಮಲಬದ್ಧತೆ ಎಂದುಕೊಂಡು ದಿನ ಕಳೆಯುತ್ತಾರೆ. ಮೊಟ್ಟೆ ಒಳಗೇ ಸಿಕ್ಕಿಕೊಂಡಿದ್ದರೆ ಆ ದಿನಗಳೇ ಪ್ರಾಣಕ್ಕೆ ಎರವಾಗುತ್ತವೆ.

ಗಂಡು ಹಾವಿನ ಬಾಲದ ಬುಡದಲ್ಲಿ, ವೆಂಟ್‌ನ (ಮಲ, ಮೂತ್ರ, ಮೊಟ್ಟೆ ಎಲ್ಲಕ್ಕೂ ಇರುವ ಒಂದೇ ದ್ವಾರ) ಹಿಂದೆ, ಎರಡು ಹೆಮಿಪೀನಿಸ್‌ಗಳು (ಗಂಡಿನ ಜನನಾಂಗಗಳು) ಒಳಮಗ್ಗುಲಾದ ಕಾಲುಚೀಲದಂತೆ ಮಡಚಿಕೊಂಡು ಬಾಲದ ತುದಿಯ ಕಡೆಗೆ ಮಲಗಿರುತ್ತವೆ. ಹೆಣ್ಣಿನಲ್ಲಿ ಅದೇ ಜಾಗದಲ್ಲಿ ಚಿಕ್ಕ, ಆಳವಿಲ್ಲದ ಚೀಲಗಳು. ಪ್ರೋಬ್ ಅಳೆಯುವುದು ಈ ಆಳದ ವ್ಯತ್ಯಾಸವನ್ನು.

ಕಣ್ಣಳತೆ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಗಂಡಿನ ಬಾಲ ವೆಂಟ್‌ನ ಹಿಂದೆ ಸ್ವಲ್ಪ ದೂರ ದಪ್ಪವಾಗಿಯೇ ಸಾಗಿ ನಿಧಾನವಾಗಿ ಸಣ್ಣಗಾಗುತ್ತದೆ, ಹೆಣ್ಣಿನದು ಬೇಗನೆ ಚೂಪಾಗುತ್ತದೆ. ದೊಡ್ಡ ಕಾರ್ನ್ ಸ್ನೇಕ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬಾಲ್ ಪೈಥಾನ್‌ನ ಬಾಲ ಗಿಡ್ಡವಾದ್ದರಿಂದ ಮೋಸ ಹೋಗುವುದು ಸುಲಭ. ವೆಂಟ್‌ನ ಎರಡು ಬದಿಯ ಪುಟ್ಟ ಉಗುರುಗಳು, ಅಂದರೆ ಸ್ಪರ್‌ಗಳು, ದೊಡ್ಡದಿದ್ದರೆ ಗಂಡು ಎನ್ನುವ ಮಾತನ್ನು ಬಾಲ್ ಪೈಥಾನ್ ಮಟ್ಟಿಗೆ ನಂಬಬೇಡಿ. ಹೆಣ್ಣಿಗೂ ಚೆನ್ನಾಗಿ ಬೆಳೆದ ಸ್ಪರ್ ಇರುತ್ತದೆ, ಗಂಡಿನದು ಸವೆದು ಹೋಗಿರಲೂಬಹುದು.

ಪಾಪಿಂಗ್, ಅಂದರೆ ಬೆರಳಿನಿಂದ ಅಂಗವನ್ನು ಹೊರಗೆ ಬರಿಸಿ ನೋಡುವುದು, ಮರಿಗಳಿಗೆ ಮಾತ್ರ, ಅದೂ ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ. ಮರಿಯ ಹೊಟ್ಟೆ ಮೇಲೆ ಮಾಡಿ, ಒಂದು ಹೆಬ್ಬೆರಳಿನಿಂದ ವೆಂಟ್‌ನ ಮುಚ್ಚಳದಂತಿರುವ ಹುರುಪೆಯನ್ನು ತಲೆಯ ಕಡೆಗೆ ಮೆಲ್ಲಗೆ ಎಳೆಯಬೇಕು. ಇನ್ನೊಂದು ಹೆಬ್ಬೆರಳನ್ನು ಬಾಲದ ಅಡಿಯಲ್ಲಿ ಕೆಲವು ಹುರುಪೆಯಷ್ಟು ಹಿಂದೆ ಇಟ್ಟು ವೆಂಟ್ ಕಡೆಗೆ ಉರುಳಿಸಬೇಕು. ಒತ್ತಿ ಹಿಂಡುವ ಕೆಲಸವಲ್ಲ ಇದು. ಗಂಡಾದರೆ ರಕ್ತನಾಳ ಕಾಣುವ ಎರಡು ಕೆಂಪು ಕಡ್ಡಿಗಳು ಹೊರಗೆ ಬರುತ್ತವೆ. ಹೆಣ್ಣಾದರೆ ಅಂಚಿನಲ್ಲಿ ಎರಡು ಸಣ್ಣ ಚುಕ್ಕೆಗಳಷ್ಟೇ. ಏನೂ ಹೊರಬರದಿದ್ದರೆ ‘ಗೊತ್ತಾಗಲಿಲ್ಲ’ ಎಂದು ಬರೆದು ಬಿಟ್ಟುಬಿಡಿ. ಬೆಳೆದ ಹಾವಿನ ಬಾಲದ ಸ್ನಾಯು ಗಟ್ಟಿ. ಅದರ ಮೇಲೆ ಈ ಪ್ರಯೋಗ ಮಾಡಿದರೆ ಬಾಲದ ಮೂಳೆಗೂ ಒಳಗಿನ ಅಂಗಕ್ಕೂ ಪೆಟ್ಟು.

ಬೆಳೆದ ಹಾವಿಗೆ ಪ್ರೋಬಿಂಗ್. ಊಟ ಮಾಡಿ ಕನಿಷ್ಠ 3 ದಿನ ಆಗಿರಬೇಕು, ದೊಡ್ಡ ಊಟವಾಗಿದ್ದರೆ ಇನ್ನೂ ಕಾಯಿರಿ. ಪೊರೆ ಬಿಡುವ ಮೊದಲು ಕಣ್ಣು ಮಂಜಾಗಿರುವ ಹಾವನ್ನೂ ಮೊಟ್ಟೆ ಹೊತ್ತಿರಬಹುದೆಂಬ ಅನುಮಾನವಿರುವ ಹಾವನ್ನೂ ಮುಟ್ಟಬೇಡಿ. ಇಬ್ಬರು ಬೇಕೇ ಬೇಕು. ಒಬ್ಬರು ಮೈಯ ಭಾರವನ್ನೆಲ್ಲ ಹೊತ್ತು ಹಾವು ಸಡಿಲವಾಗುವವರೆಗೆ ಹಿಡಿದಿರಬೇಕು, ಇನ್ನೊಬ್ಬರ ಕೈಗೆ ಬಾಲ ಮಾತ್ರ. ಇಡೀ ಹಾವನ್ನು ಅಂಗಾತ ಮಾಡುವ ಅಗತ್ಯವಿಲ್ಲ, ಬಾಲದ ಭಾಗ ಹೊರಳಿದರೆ ಸಾಕು.

ಪ್ರೋಬ್ ಸ್ಟೇನ್‌ಲೆಸ್ ಸ್ಟೀಲಿನದು, ತುದಿ ಉರುಟಾದ ಗುಂಡು. ಸೆಟ್‌ನಲ್ಲಿ ಹಲವು ಗಾತ್ರ ಇರುತ್ತವೆ. ಸಣ್ಣದು ಸುರಕ್ಷಿತ ಎಂದು ಹೊಸಬರು ಭಾವಿಸುತ್ತಾರೆ, ವಾಸ್ತವ ಅದಕ್ಕೆ ವಿರುದ್ಧ. ತೆಳು ಪ್ರೋಬ್ ಹೆಣ್ಣಿನ ಚೀಲದ ಗೋಡೆಯನ್ನು ತೂತು ಮಾಡಿ ಮಾಂಸದೊಳಗೆ ನುಗ್ಗುತ್ತದೆ, ಆಗ ಆಳ ಗಂಡಿನಷ್ಟು ತೋರಿಸುತ್ತದೆ. ಒಂದೇ ಏಟಿಗೆ ಗಾಯ, ಜೊತೆಗೆ ತಪ್ಪು ಉತ್ತರ. ಆರಾಮವಾಗಿ ಒಳಹೋಗುವ ಗಾತ್ರಗಳಲ್ಲಿ ದೊಡ್ಡದನ್ನೇ ಆರಿಸಿ. ನೀರಿನ ಮೂಲದ ಜೆಲ್ ಅಥವಾ ಸಲೈನ್ ಸವರಿ. ವ್ಯಾಸಲೀನ್, ಅಡುಗೆ ಎಣ್ಣೆ ಬೇಡ.

ವೆಂಟ್ ತೆರೆದು, ಅದರ ಹಿಂದಿನ ಅಂಚಿನಲ್ಲಿ ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ತುದಿಯನ್ನಿಟ್ಟು, ಬಾಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಬಾಲದ ತುದಿಯ ದಿಕ್ಕಿಗೆ ಬಿಡಿ. ತಲೆಯ ದಿಕ್ಕಿಗೆ ಎಂದೂ ಅಲ್ಲ. ಎರಡು ಬೆರಳಿನ ನಡುವೆ ಪ್ರೋಬನ್ನು ಹೊರಳಿಸುತ್ತಾ ಹೋದರೆ ದಾರಿ ಇದ್ದಲ್ಲಿ ತಾನೇ ಜಾರುತ್ತದೆ. ನಿಂತ ಕಡೆ ನಿಲ್ಲಿಸಿ ಕೆಲವು ಸೆಕೆಂಡು ಕಾಯಿರಿ. ಸ್ನಾಯು ಬಿಗಿಹಿಡಿದಿದ್ದ ಗಂಡು ಆ ಹೊತ್ತಿನಲ್ಲಿ ಸಡಿಲಿಸುತ್ತದೆ, ಪ್ರೋಬ್ ಮತ್ತೆ ಮುಂದೆ ಸರಿಯುತ್ತದೆ. ಸರಿಯಲಿಲ್ಲವೆಂದರೆ ಅಲ್ಲಿಗೇ ಮುಗಿಯಿತು, ತಳ್ಳಬಾರದು. ವೆಂಟ್‌ನ ಅಂಚಿಗೆ ಸರಿಯಾಗಿ ಹೆಬ್ಬೆರಳ ಉಗುರಿನಿಂದ ಪ್ರೋಬನ್ನು ಗುರುತು ಹಿಡಿದು ಹೊರತೆಗೆದು, ಬಾಲದ ಅಡಿಗೆ ಇಟ್ಟು ಹುರುಪೆಗಳ ಸಾಲು ಎಣಿಸಿ. ಜೋಡಿ ಹುರುಪೆಯಾದರೆ ಜೋಡಿಗೆ ಒಂದು ಎಂದೇ ಲೆಕ್ಕ.

ಬಾಲ್ ಪೈಥಾನ್‌ನಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ 2ರಿಂದ 4 ಸಾಲು, ಗಂಡಿಗೆ 7ರಿಂದ 10. ಕಾರ್ನ್ ಸ್ನೇಕ್‌ನಲ್ಲೂ ಹೆಣ್ಣು 2ರಿಂದ 4ರ ಸುತ್ತ, ಗಂಡು 8 ಅಥವಾ ಅದಕ್ಕೂ ಹೆಚ್ಚು. ನಡುವಿನ 5, 6 ಬಂದರೆ ಊಹಿಸಬೇಡಿ. ಇನ್ನೊಂದು ಬದಿಯನ್ನೂ ನೋಡಿ. ಎರಡು ಬದಿಯ ಅಳತೆ ಹೊಂದದಿದ್ದರೆ ಒಂದು ಕಡೆ ಬಿಗಿತ, ಹಳೆಯ ಗಾಯ ಅಥವಾ ಈಗಷ್ಟೇ ಆದ ತೂತು ಇರಬಹುದು. ಆಗ ಹಾವನ್ನು ಪೆಟ್ಟಿಗೆಗೆ ಬಿಟ್ಟು ಕೆಲವು ವಾರ ಬಿಟ್ಟು ನೋಡುವುದೇ ಸರಿ. ತುರ್ತಾಗಿ ತಿಳಿಯಬೇಕಿದ್ದರೆ ವೈದ್ಯರು ಅರಿವಳಿಕೆ ಕೊಟ್ಟು ನೋಡಬಹುದು, ಸ್ನಾಯು ಸಡಿಲವಾದಾಗ ಅಳತೆ ಹೆಚ್ಚು ನಂಬಿಕೆಗೆ ಅರ್ಹ.

ಸ್ವಚ್ಛತೆಯ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂದು ಹಾವಿಗೆ ಹಾಕಿದ ಪ್ರೋಬನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಮತ್ತೊಂದಕ್ಕೆ ಹಾಕುವುದು ರೋಗ ಹಂಚುವ ಕೆಲಸ. ಹಾವುಗಳ ಜಠರವನ್ನು ಹಾಳುಮಾಡುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಮಲದ ಮೂಲಕ ಹರಡುತ್ತದೆ. ಕ್ಲೋರ್‌ಹೆಕ್ಸಿಡಿನ್, ಬ್ಲೀಚ್‌ನಂಥ ಮಾಮೂಲಿ ದ್ರಾವಣಗಳಿಗೆ ಅದು ಸಾಯುವುದಿಲ್ಲ, ಶಾಖಕ್ಕೆ ಸಾಯುತ್ತದೆ. ಸೋಪಿನಲ್ಲಿ ತಿಕ್ಕಿ ತೊಳೆದು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿನಾಶ) ಮಾಡಿ. ಒಂದು ಹಾವಿಗೆ ಒಂದು ಪ್ರೋಬ್.

ಮುಗಿದ ಮೇಲೆ ಒಂದು ವಾರ ಬಾಲದ ಬುಡ ಗಮನಿಸಿ. ಒಂದು ಬದಿ ಊತ, ವೆಂಟ್‌ನಲ್ಲಿ ರಕ್ತ, ಮಲ ಹೋಗದಿರುವುದು ಕಂಡರೆ ಕಾಯಬಾರದು. ಅಂಗ ಹೊರಬಂದು ಒಳಹೋಗದಿದ್ದರೆ ಸಲೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ತೇವವಾಗಿಟ್ಟು ಕೂಡಲೇ ವೈದ್ಯರ ಬಳಿಗೆ ಒಯ್ಯಿರಿ. ಒಣಗಿದ ಅಂಗ ಉಳಿಯುವುದಿಲ್ಲ.

ಈಗ ಕೆಲವು ತಳಿಗಳಿಗೆ ಪೊರೆಯ ಡಿಎನ್‌ಎಯಿಂದಲೇ ತಿಳಿಯುವ ಪರೀಕ್ಷೆ ವಿದೇಶದ ಲ್ಯಾಬ್‌ಗಳಲ್ಲಿದೆ. ಪರೀಕ್ಷೆ ತಳಿಗೆ ತಕ್ಕದ್ದೇ ಆಗಬೇಕು. ಕಾರ್ನ್ ಸ್ನೇಕ್‌ನ ಗುಂಪಿನಲ್ಲಿ ಹೆಣ್ಣಿಗೆ ಝಡ್‌ಡಬ್ಲ್ಯೂ ಎಂಬ ಲಿಂಗ ನಿರ್ಧರಿಸುವ ವರ್ಣತಂತು ಜೋಡಿ, ಆದರೆ ಬೋವಾ ಕನ್‌ಸ್ಟ್ರಿಕ್ಟರ್ ಮತ್ತು ಬರ್ಮೀಸ್ ಪೈಥಾನ್‌ಗಳಲ್ಲಿ ಗಂಡಿಗೆ ಎಕ್ಸ್‌ವೈ ಎಂದು 2017ರಲ್ಲಿ ಗೊತ್ತಾಯಿತು. ಬಾಲ್ ಪೈಥಾನ್‌ನ ಬನಾನಾ ಬಣ್ಣ ಕೆಲವು ಗಂಡುಗಳಿಂದ ಗಂಡುಮರಿಗಳಿಗೇ ಹೆಚ್ಚಾಗಿ ಬರುವುದು, ಕೆಲವುಗಳಿಂದ ಹೆಣ್ಣುಮರಿಗಳಿಗೇ ಹೆಚ್ಚಾಗಿ ಬರುವುದು ಈ ಎಕ್ಸ್‌ವೈ ಕಾರಣದಿಂದಲೇ. ಪೊರೆ ಕಳಿಸುವಾಗ ಒಣಗಿಸಿ ಕಾಗದದ ಲಕೋಟೆಯಲ್ಲಿ, ಒಂದು ಹಾವಿನದು ಒಂದರಲ್ಲೇ ಹಾಕಿ. ಮನೆಯಲ್ಲಿ ಒಂದೇ ಹಾವು ಸಾಕುವವರಿಗೆ ನಾವು ಸೂಚಿಸುವುದು ಇದನ್ನೇ.

ಇಲ್ಲಿ ಹೇಳಿದ್ದೆಲ್ಲ ವಿಷವಿಲ್ಲದ ವಿದೇಶಿ ತಳಿಗಳಿಗೆ. ಕೇರೆ, ಹೆಬ್ಬಾವು, ಎರಡು ತಲೆ ಹಾವು ಎಂದು ಕರೆಯುವ ಮಣ್ಣುಹಾವು, ಇವನ್ನೆಲ್ಲ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್ ಸೈಟ್ಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಯಲ್ಲಿರುವುದರಿಂದ, 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ನೋಂದಣಿ ಕಡ್ಡಾಯ.

ದಾಖಲೆಯಲ್ಲಿ ಬರೀ ಗಂಡು, ಹೆಣ್ಣು ಎಂದು ಬರೆಯಬೇಡಿ. ‘ಪ್ರೋಬ್, ಎಡ 3, ಬಲ 3, ಹೆಣ್ಣಿರಬಹುದು’ ಎಂದು ದಿನಾಂಕ, ಪ್ರೋಬಿನ ಗಾತ್ರದ ಸಮೇತ ಬರೆಯಿರಿ. ಮುಂದೆ ನೋಡುವವರು ಅದೇ ಹಾವಿಗೆ ಸುಮ್ಮಸುಮ್ಮನೆ ಮತ್ತೊಮ್ಮೆ ಪ್ರೋಬ್ ಹಾಕುವುದು ತಪ್ಪುತ್ತದೆ.