ಹತ್ತು ನಿಮಿಷಕ್ಕೆ ಐದು ಪೀಸು

ಪೀಣ್ಯದಲ್ಲಿದ್ದ ನಮ್ಮ ಕಾರ್ಖಾನೆಗೆ ಭಾನುವಾರ ರಜೆ. ಆದರೆ ಆ ಭಾನುವಾರ ಬೆಳಗ್ಗೆ ಎಂಟಕ್ಕೇ, ಮಾಲೀಕರಿಂದ ಹಿಡಿದು ಸ್ಟೋರ್ಸ್‌ನ ಹುಡುಗನವರೆಗೆ ಹತ್ತು ಜನ ಇನ್‌ಸ್ಪೆಕ್ಷನ್ ಟೇಬಲ್ಲಿನ ಸುತ್ತ ಸ್ಟೂಲು ಹಾಕಿಕೊಂಡು ಕುಳಿತಿದ್ದೆವು. ಹೈಡ್ರಾಲಿಕ್ ವಾಲ್ವ್ ತಯಾರಿಸುವ ಗ್ರಾಹಕ ಕಂಪನಿಯೊಂದು ನಾವು ಕಳಿಸಿದ್ದ 2,400 ಬುಷ್‌ಗಳನ್ನು, ಅಂದರೆ ನಡುವೆ ರಂಧ್ರವಿರುವ ಲೋಹದ ಕೊಳವೆಯಂಥ ಬಿಡಿಭಾಗಗಳನ್ನು, ಹಿಂದಿನ ದಿನ ಒಂದೂ ಬಿಡದೆ ವಾಪಸು ಕಳಿಸಿತ್ತು. ಅವರ ಅಸೆಂಬ್ಲಿಯಲ್ಲಿ ಕೆಲವು ಬುಷ್‌ಗಳೊಳಗೆ, ಅಲ್ಲಿ ಜಾರಾಡಬೇಕಾದ ಸ್ಪೂಲ್ ಎಂಬ ಸಣ್ಣ ದಂಡ ಇಳಿಯದೆ ಸಿಕ್ಕಿಕೊಂಡು ಲೈನು ನಿಂತಿತ್ತಂತೆ. ಸೋಮವಾರ ಬೆಳಗ್ಗೆಯೊಳಗೆ ಒಳ್ಳೆಯ ಮಾಲನ್ನು ಬೇರ್ಪಡಿಸಿ ಕೊಡಬೇಕೆಂದು ಇಮೇಲ್ ಬಂದಿತ್ತು.

ಬುಷ್‌ನ ರಂಧ್ರ 12 ಮಿಲಿಮೀಟರ್. ಅದು ಹೆಚ್ಚೆಂದರೆ 18 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದೊಡ್ಡದಾಗಿರಬಹುದು. ಒಂದು ಮೈಕ್ರಾನ್ ಕೂಡ ಚಿಕ್ಕದಾಗಿರುವಂತಿಲ್ಲ. ರಂಧ್ರವನ್ನು ಪರೀಕ್ಷಿಸುವ ಕಡ್ಡಿಯಾದ ಪ್ಲಗ್ ಗೇಜಿನ 'ಗೋ' ತುದಿ ಸಲೀಸಾಗಿ ಒಳಹೋಗಬೇಕು, 'ನೋ-ಗೋ' ತುದಿ ಹೋಗಬಾರದು. ನಾನು ಅಲ್ಲಿ ಎಚ್‌ಆರ್ ನೋಡಿಕೊಳ್ಳುತ್ತಿದ್ದವನು. ಗೇಜು ಹಿಡಿದಿದ್ದು ಅಂದೇ ಮೊದಲು. ಒಂದು ಗಂಟೆಯಲ್ಲಿ ಬೆರಳ ತುದಿಗಳು ರಸ್ಟ್ ಪ್ರಿವೆಂಟಿವ್ ಎಣ್ಣೆಯಿಂದ ಜಿಡ್ಡಾಗಿ, ಗೇಜು ತಡೆದು ನಿಲ್ಲುವ ಆ ಸಣ್ಣ ಒರಟು ಕೈಗೆ ಚೆನ್ನಾಗಿಯೇ ಪರಿಚಯವಾಯಿತು. ಮಧ್ಯಾಹ್ನ ಮುಗಿಸುವ ಹೊತ್ತಿಗೆ ಕೆಂಪು ಟ್ರೇಯಲ್ಲಿ 176 ಬುಷ್‌ಗಳು ಬಿದ್ದಿದ್ದವು. ಎಲ್ಲವೂ ಚಿಕ್ಕ ಬೋರಿನವು, ಅಂದರೆ ಚಿಕ್ಕ ರಂಧ್ರದವು. ಬೋರ್ ದೊಡ್ಡದಾಗಿದ್ದರೆ ಗುಜರಿಗೆ ಹಾಕಬೇಕು, ಚಿಕ್ಕದಾದರೆ ಹೋನಿಂಗ್ ಮಾಡಿ, ಅಂದರೆ ಒಳಮೈಯನ್ನು ಸಾಣೆಕಲ್ಲಿನಿಂದ ನವಿರಾಗಿ ಉಜ್ಜಿ, ಉಳಿಸಿಕೊಳ್ಳಬಹುದು. ಹಾಗಾಗಿ ಲೋಹದ ಲೆಕ್ಕದಲ್ಲಿ ದೊಡ್ಡ ನಷ್ಟವೇನೂ ಇರಲಿಲ್ಲ.

ನನ್ನ ಎದುರಿಗೆ ಕುಳಿತಿದ್ದವರು ಅದೇ ಬುಷ್‌ಗಳನ್ನು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಮೆಷಿನ್ನಿನಲ್ಲಿ ಮಾಡುತ್ತಿದ್ದ, ಹದಿನಾಲ್ಕು ವರ್ಷದ ಅನುಭವವಿದ್ದ ಆಪರೇಟರು. ಬೋರಿಂಗ್ ಇನ್ಸರ್ಟು, ಅಂದರೆ ರಂಧ್ರ ಕೊರೆಯುವ ಉಪಕರಣದ ಬದಲಾಯಿಸಬಹುದಾದ ಅಲಗು, ಸವೆದಂತೆ ರಂಧ್ರ ಚಿಕ್ಕದಾಗುತ್ತಾ ಹೋಗುತ್ತದೆ ಎಂಬುದು ಆ ಶಾಪಿನಲ್ಲಿ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ. "ಮತ್ತೆ ಯಾಕ್ರೀ ಇನ್ಸರ್ಟ್ ಬದಲಾಯಿಸಿಲ್ಲ?" ಎಂದು ಕೇಳಿದೆ. ಅವರು ಗೇಜಿನಿಂದ ಕಣ್ಣೆತ್ತಲಿಲ್ಲ. "ಬದಲಾಯಿಸಿ, ಮೆಷಿನ್ನಿಗೆ ಹೊಸ ಅಳತೆಯ ಆಫ್‌ಸೆಟ್ ಕೊಟ್ಟು, ಮೊದಲ ಪೀಸು ಚೆಕ್ ಮಾಡೋಕೆ ಹತ್ತು ನಿಮಿಷ ಹೋಗುತ್ತೆ ಸಾರ್. ಹತ್ತು ನಿಮಿಷಕ್ಕೆ ಐದು ಪೀಸು. ಅದನ್ನ ಯಾರು ಕೊಡ್ತಾರೆ?"

ಆ ಪ್ರಶ್ನೆಗೆ ಉತ್ತರಿಸಬೇಕಾದವನು ನಾನೇ ಆಗಿದ್ದೆ, ಏಕೆಂದರೆ ಇನ್ಸೆಂಟಿವ್ ಸ್ಕೀಮನ್ನು ಬರೆದವನು ನಾನು. ಶಿಫ್ಟಿಗೆ 190 ಪೀಸು ನಿಗದಿ, ಅದರ ಮೇಲಿನ ಪ್ರತಿ ಪೀಸಿಗೆ ಮೂರು ರೂಪಾಯಿ. ಐದು ಪೀಸೆಂದರೆ ಹದಿನೈದು ರೂಪಾಯಿ. ಶಿಫ್ಟಿನಲ್ಲಿ ಎರಡು ಸಲ ಇನ್ಸರ್ಟು ಬದಲಾಯಿಸಿದರೆ ಮೂವತ್ತು. ತಿಂಗಳಿಗೆ 26 ದಿನವೆಂದರೆ 780 ರೂಪಾಯಿ. ಇನ್ನೊಂದೆಡೆ, ಮೂರೂ ಶಿಫ್ಟಿನ ಮಾಲು ಒಂದೇ ಬಿನ್ನಿಗೆ ಬಿದ್ದು ಬೆರೆಯುತ್ತಿದ್ದುದರಿಂದ ಕೆಟ್ಟ ಪೀಸು ಯಾರದೆಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಏಳನೇ ತಾರೀಖಿನೊಳಗೆ ಕೈಗೆ ಬರುವ ಸಂಬಳದಲ್ಲಿ ಗುಣಮಟ್ಟಕ್ಕೆ ಒಂದು ರೂಪಾಯಿಯೂ ಇರಲಿಲ್ಲ, ಗುಣಮಟ್ಟ ಕಾಯ್ದುಕೊಳ್ಳಲು ತಗಲುವ ಹೊತ್ತಿಗೆ ಮಾತ್ರ ದಂಡವಿತ್ತು.

ಸ್ಕೀಮು ಮೊದಲಿನಿಂದಲೂ ಮೂರ್ಖತನದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನಾನು ಸೇರಿದಾಗ ನಮ್ಮದು ಬರೀ ಜಾಬ್ ವರ್ಕ್, ಬೇರೆಯವರು ಕೊಟ್ಟ ಕೆಲಸವನ್ನು ಕೂಲಿಗೆ ಮಾಡಿಕೊಡುವುದು. ಅಕ್ಕಪಕ್ಕದ ಹತ್ತು ಶೆಡ್ಡುಗಳಿಗಿಂತ ಬೇಗ, ಎರಡು ಪೈಸೆ ಕಡಿಮೆಗೆ ಮಾಡಿಕೊಟ್ಟರೆ ಆರ್ಡರು ನಮ್ಮದು. ಆ ವ್ಯವಹಾರಕ್ಕೆ ಪೀಸಿನ ಲೆಕ್ಕ ಸರಿಯಾಗಿಯೇ ಹೊಂದುತ್ತಿತ್ತು. ಆಮೇಲೆ ಮಾಲೀಕರು ದರದ ಪೈಪೋಟಿ ಬಿಟ್ಟು, ರಫ್ತು ಮಾಡುವ ಕಂಪನಿಗಳಿಗೆ ನೇರ ಸರಬರಾಜುದಾರರಾಗಬೇಕೆಂದು ತೀರ್ಮಾನಿಸಿದರು. ಒಳ್ಳೆಯ ದರ, ದೀರ್ಘಾವಧಿ ಆರ್ಡರು, ಬದಲಿಗೆ ಹತ್ತು ಲಕ್ಷಕ್ಕೆ ಇಷ್ಟೇ ದೋಷವೆಂಬ ಒಪ್ಪಂದ. ಹೊಸ ಮೆಷಿನ್ ಬಂತು, ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಪ್ರಮಾಣಪತ್ರ ಬಂತು, 'ಶೂನ್ಯ ದೋಷವೇ ನಮ್ಮ ಗುರಿ' ಎಂಬ ಫಲಕ ಗೋಡೆಗೇರಿತು. ಇನ್ಸೆಂಟಿವ್ ಸ್ಕೀಮು ಮಾತ್ರ ನನ್ನ ಕಂಪ್ಯೂಟರಿನಲ್ಲಿ ಹಳೆಯ ಹೆಸರಿನಲ್ಲೇ ಉಳಿಯಿತು. ಹಿಂದಿನ ಆಯುಧಪೂಜೆಯ ದಿನ, ಅದೇ ಫಲಕದ ಕೆಳಗೆ, ವರ್ಷದಲ್ಲಿ ಅತಿ ಹೆಚ್ಚು ಪೀಸು ಮಾಡಿದವರಿಗೆ ಬೆಳ್ಳಿ ನಾಣ್ಯ ಕೊಟ್ಟು ಚಪ್ಪಾಳೆ ತಟ್ಟಿದ್ದೆವು. ನಾಣ್ಯ ಪಡೆದವರು ಈಗ ನನ್ನೆದುರು ಗೇಜು ಹಿಡಿದು ಕುಳಿತಿದ್ದರು.

ಒಂದಕ್ಕೆ ಬಹುಮಾನ ಕೊಡುತ್ತಾ ಇನ್ನೊಂದನ್ನು ನಿರೀಕ್ಷಿಸುವ ಹುಚ್ಚುತನದ ಬಗ್ಗೆ ಅಮೆರಿಕದ ಸ್ಟೀವನ್ ಕರ್ 1975ರಲ್ಲೇ ಬರೆದಿದ್ದರು. ಅದನ್ನು ಓದಿ ಎಂಬಿಎ ಪರೀಕ್ಷೆಯಲ್ಲಿ ಅಂಕ ಪಡೆದವನು ನಾನು. ನೂಲು ಕಡಿದರೆ ತಾನಾಗಿಯೇ ನಿಲ್ಲುವ ಮಗ್ಗವನ್ನು ಸಕಿಚಿ ಟೊಯೊಡಾ ಕಂಡುಹಿಡಿದದ್ದನ್ನೂ, ಟೊಯೊಟಾ ಕಾರ್ಖಾನೆಗಳಲ್ಲಿ ಕೆಲಸಗಾರ ಹಗ್ಗ ಎಳೆದು ಇಡೀ ಲೈನನ್ನು ನಿಲ್ಲಿಸಬಹುದೆಂಬುದನ್ನೂ ಟ್ರೈನಿಂಗಿನಲ್ಲಿ ಸ್ಲೈಡು ಹಾಕಿ ನಾನೇ ಹೇಳಿಕೊಟ್ಟಿದ್ದೆ. ನಮ್ಮಲ್ಲಿ ಮೆಷಿನ್ ನಿಲ್ಲಿಸಿದವನ ಸಂಬಳ ಕಡಿಮೆಯಾಗುತ್ತಿತ್ತು.

ಸೋಮವಾರದಿಂದಲೇ ಮಾತುಕತೆ ಶುರುವಾಯಿತು. ಇನ್ಸರ್ಟಿಗೆ ಇಷ್ಟು ಪೀಸು ಎಂಬ ಮಿತಿಯನ್ನು ಮೆಷಿನ್ ಹೊಂದಿಸಿಕೊಡುವ ಸೆಟ್ಟರು ನಿಗದಿ ಮಾಡಿದರು. ಪ್ರತಿ ಬದಲಾವಣೆಗೆ ಐದು ಪೀಸು ಮಾಡಿದಂತೆಯೇ ಲೆಕ್ಕಕ್ಕೆ ಸೇರಿಸಿದೆವು. ಬಿನ್ನಿಗೆ ಶಿಫ್ಟಿನ ಚೀಟಿ ಬಂತು. ಒಂದು ಮೆಷಿನ್ನಿನ ಮೂರೂ ಶಿಫ್ಟಿನವರಿಗೆ ಒಟ್ಟಾಗಿ, ಇನ್‌ಸ್ಪೆಕ್ಷನ್‌ನಲ್ಲಿ ಪಾಸಾದ ಪೀಸಿಗೆ ಮಾತ್ರ ಇನ್ಸೆಂಟಿವ್ ಎಂದಾಯಿತು. ಮೊದಲೆರಡು ತಿಂಗಳು ಉತ್ಪಾದನೆ ಇಳಿಯಿತು. ಮಾಲೀಕರು ಎಕ್ಸೆಲ್ ಶೀಟಿನ ಪ್ರಿಂಟು ತಂದು ನನ್ನ ಟೇಬಲ್ಲಿನ ಮೇಲಿಟ್ಟು ಏನೂ ಹೇಳದೆ ಹೋದರು, ಬೈದಿದ್ದರೇ ಚೆನ್ನಾಗಿತ್ತು. ಒಂದಿಬ್ಬರು ಇನ್ಸರ್ಟು ಬದಲಾಯಿಸದೆಯೇ ರಿಜಿಸ್ಟರಿನಲ್ಲಿ ಬದಲಾಯಿಸಿದಂತೆ ಬರೆದು ಐದು ಪೀಸು ಗಿಟ್ಟಿಸಿಕೊಂಡರು. ಆಗ ಸವೆದ ಇನ್ಸರ್ಟನ್ನು ಹಾಕಲು ಪ್ರತಿ ಮೆಷಿನ್ನಿನ ಪಕ್ಕ ಹಾರ್ಲಿಕ್ಸ್ ಬಾಟಲಿಯೊಂದನ್ನು ಇಟ್ಟೆವು. ಆ ಉಪಾಯ ಹೇಳಿದವರು ಬೆಳ್ಳಿ ನಾಣ್ಯದ ಆಪರೇಟರೇ.

ಆದರೂ ಶಿಫ್ಟಿನ ಕೊನೆಯ ಅರ್ಧ ಗಂಟೆಯಲ್ಲಿ ಹಳೆಯ ಧಾವಂತವೇ ಕಾಣುತ್ತಿತ್ತು. ಕಾರಣ ತಿಳಿಯಲು ನನಗೆ ತಿಂಗಳೇ ಹಿಡಿಯಿತು. ದಿನವೂ ಸಂಜೆ ಆರಕ್ಕೆ ಮಾಲೀಕರು ಸೂಪರ್‌ವೈಸರಿಗೆ ಫೋನ್ ಮಾಡುತ್ತಿದ್ದರು, ಇಪ್ಪತ್ತು ವರ್ಷದಿಂದ. ಮೊದಲ ಮಾತು "ಎಷ್ಟಾಯ್ತು?" ಅದಕ್ಕೆ ಸಂಖ್ಯೆ ಹೇಳಬೇಕಾದ ಸೂಪರ್‌ವೈಸರು ಐದೂವರೆಯಿಂದಲೇ ಮೆಷಿನ್‌ಗಳ ನಡುವೆ ಓಡಾಡುತ್ತಿದ್ದರು. ನನ್ನ ಯಾವ ಸ್ಕೀಮೂ ಆ ಫೋನಿನೆದುರು ನಿಲ್ಲುವಂಥದ್ದಾಗಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಮಾಲೀಕರಿಗೆ ಅದನ್ನೇ ಹೇಳಿದೆ. ಅವರಿಗೆ ಸಿಟ್ಟು ಬಂತು. "ನನ್ನ ಫ್ಯಾಕ್ಟರಿಯಲ್ಲಿ ಎಷ್ಟಾಯ್ತು ಅಂತ ನಾನು ಕೇಳಬಾರದೇನಪ್ಪಾ?" ಎಂದರು. ಕೇಳಬಾರದೆಂದು ಹೇಳಲು ನನ್ನಿಂದಾಗಲಿಲ್ಲ.

ಕೆಲವು ದಿನಗಳ ನಂತರ ಆರು ಗಂಟೆಗೆ ನಾನು ಶಾಪಿನಲ್ಲೇ ಇದ್ದೆ. ಫೋನ್ ಬಂತು. ಸೂಪರ್‌ವೈಸರು ಸಂಖ್ಯೆ ಹೇಳಿದರು, ಎಂದಿನಂತೆ. ಆಮೇಲೆ ಸ್ವಲ್ಪ ತಡೆದು, "ಒಂದು ನಿಮಿಷ ಸಾರ್, ನೋಡಿ ಹೇಳ್ತೀನಿ" ಎಂದು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮೊದಲ ಮೆಷಿನ್ನಿನ ಹಾರ್ಲಿಕ್ಸ್ ಬಾಟಲಿಯನ್ನು ಅಂಗೈಗೆ ಸುರಿದುಕೊಂಡು ಇನ್ಸರ್ಟುಗಳನ್ನು ಎಣಿಸತೊಡಗಿದರು.