445 ದಿನಗಳ ವರ್ಷ

2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ನೆನಪಿದೆಯಾ? ಗಣೇಶ ಹಬ್ಬ ಸೆಪ್ಟೆಂಬರ್ ಅರ್ಧ ದಾಟಿದ ಮೇಲೆ ಬಂತು. ಒಂದು ತಿಂಗಳು ಜಾಸ್ತಿ ಆಗಿದ್ದಕ್ಕೇ ಇಷ್ಟು ಗಡಿಬಿಡಿ. ಕ್ರಿ.ಪೂ. 46ರಲ್ಲಿ ರೋಮಿನವರು ಒಂದೇ ವರ್ಷಕ್ಕೆ ಮೂರು ತಿಂಗಳು ತುರುಕಿದರು.

ಅವರ ಮಾಮೂಲಿ ವರ್ಷಕ್ಕೆ 355 ದಿನ. ಕೊರತೆ ತುಂಬಲು ಆಗಾಗ ಫೆಬ್ರವರಿಯಲ್ಲಿ ಒಂದು ಅಧಿಕ ಮಾಸ. ನಮ್ಮಲ್ಲಿ ಸಂಕ್ರಮಣ ಬೀಳದ ಚಾಂದ್ರಮಾಸವೇ ಅಧಿಕ, ಅದರಲ್ಲಿ ಯಾರ ಮರ್ಜಿಯೂ ನಡೆಯುವುದಿಲ್ಲ. ಅಲ್ಲಿ ಹಾಗಲ್ಲ, ತೀರ್ಮಾನ ಪುರೋಹಿತರದ್ದು, ಆ ಪುರೋಹಿತರೇ ರಾಜಕಾರಣಿಗಳು, ಹಾಗಾಗಿ ತಮ್ಮವನು ಅಧಿಕಾರದಲ್ಲಿದ್ದರೆ ವರ್ಷ ಉದ್ದ, ಆಗದವನಿದ್ದರೆ ಗಿಡ್ಡ! ಮುಖ್ಯ ಪುರೋಹಿತ ಜೂಲಿಯಸ್ ಸೀಸರ್. ಆತ ವರ್ಷಗಟ್ಟಲೆ ಯುದ್ಧ ಅಂತ ಊರಲ್ಲೇ ಇರಲಿಲ್ಲ. ಕೊನೆಗೆ ಕ್ಯಾಲೆಂಡರ್ ಋತುಗಳಿಗಿಂತ ಸುಮಾರು ಮೂರು ತಿಂಗಳು ಮುಂದೆ ಓಡಿಬಿಟ್ಟಿತ್ತು. ಆಫ್ರಿಕದ ಥಾಪ್ಸಸ್‌ನಲ್ಲಿ ಸೀಸರ್ ಗೆದ್ದದ್ದು ಅವರ ಲೆಕ್ಕದಲ್ಲಿ ಏಪ್ರಿಲ್ 6, ಸೂರ್ಯನ ಲೆಕ್ಕದಲ್ಲಿ ಇನ್ನೂ ಫೆಬ್ರವರಿ. ತನ್ನ ಕಡೆಯವರು ಸೋತ ಸುದ್ದಿ ಕೇಳಿಯೇ ಸೀಸರನ ಕಡುವಿರೋಧಿ ಕೇಟೊ ಅಲ್ಲೇ ಆಫ್ರಿಕದ ಯುಟಿಕಾ ಊರಿನಲ್ಲಿ ಪ್ರಾಣ ಬಿಟ್ಟ.

ಆಮೇಲೆ ರೋಮಿನಲ್ಲಿ ಮೆರವಣಿಗೆಯೋ ಮೆರವಣಿಗೆ. ಗಾಲ್ (ಇವತ್ತಿನ ಫ್ರಾನ್ಸ್ ಕಡೆ), ಈಜಿಪ್ಟ್, ಪಾಂಟಸ್ (ಇವತ್ತಿನ ಟರ್ಕಿ ಕಡೆ), ಆಫ್ರಿಕ ಅಂತ ಗೆದ್ದ ಒಂದೊಂದು ನಾಡಿಗೆ ಒಂದರಂತೆ ನಾಲ್ಕು. ಗಾಲ್ ಮೆರವಣಿಗೆಯಲ್ಲಿ ಸೀಸರನ ರಥದ ಅಚ್ಚೇ ಮುರಿಯಿತು. ಕ್ಲಿಯೋಪಾತ್ರಳ ತಂಗಿ ಆರ್ಸಿನೊಯೆಯನ್ನು ಸಂಕೋಲೆ ಹಾಕಿ ನಡೆಸಿದಾಗ ಜನಕ್ಕೆ ಅಯ್ಯೋ ಅನ್ನಿಸಿತು, ಅವಳು ಬದುಕಿದಳು. ಗಾಲ್‌ನ ನಾಯಕ ವರ್ಸಿಂಗೆಟೊರಿಕ್ಸ್‌ಗೆ ಆ ಅದೃಷ್ಟ ಇರಲಿಲ್ಲ, ಕೊಂದೇಬಿಟ್ಟರು. ರೋಮಿನ ಜನ ಮೊದಲ ಸಲ ಜಿರಾಫೆ ನೋಡಿದ್ದೂ ಆ ವರ್ಷವೇ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಣದ ವಿಷಯ: ಹಿಂದೆ ಜನಕ್ಕೆ ಮಾತು ಕೊಟ್ಟಿದ್ದ ತಲಾ 300 ಸೆಸ್ಟರ್ಸ್ (ರೋಮಿನ ನಾಣ್ಯ) ಹಂಚಿದ ಸೀಸರ್, ತಡವಾಗಿದ್ದಕ್ಕೆ ಅಂತ ಇನ್ನೂ 100 ಸೇರಿಸಿ ಕೊಟ್ಟ. ಚುನಾವಣೆ ಭರವಸೆಗೆ ಬಡ್ಡಿ ಕೊಟ್ಟವರನ್ನು ನಾನಂತೂ ನೋಡಿಲ್ಲ.

ಸರಿ, ಕ್ಯಾಲೆಂಡರ್. ಅಲೆಕ್ಸಾಂಡ್ರಿಯದ ಖಗೋಳಜ್ಞ ಸೊಸಿಜೆನಿಸ್ ಸಲಹೆಯಂತೆ ಫೆಬ್ರವರಿಯಲ್ಲಿ 23 ದಿನ, ನವೆಂಬರ್ ಮತ್ತು ಡಿಸೆಂಬರ್ ನಡುವೆ ಮತ್ತೆ 67 ದಿನ. ಒಟ್ಟು 445. ನವೆಂಬರ್ ಮುಗಿಯಿತು ಅಂತ ಎದ್ದರೆ ಡಿಸೆಂಬರ್ ಬರಲು ಇನ್ನೂ ಎರಡು ತಿಂಗಳು! ಸುಮ್ನೆ ಯೋಚಿಸಿ, ಬಾಡಿಗೆ ಮನೆಯವನ ಗತಿ ಏನಾಗಿರಬೇಕು?

ಕ್ರಿ.ಪೂ. 45ರ ಜನವರಿ 1ರಿಂದ 365 ದಿನಗಳ ಹೊಸ ಲೆಕ್ಕ ಶುರು. ನಾಳೆ ವೀಣಾ ನಕ್ಷತ್ರಪುಂಜ ಮೂಡುತ್ತದೆ ಅಂತ ಯಾರೋ ಅಂದಾಗ ರೋಮಿನ ದೊಡ್ಡ ವಾಗ್ಮಿ ಸಿಸೆರೊ, 'ಹೌದು, ಆಜ್ಞೆ ಆಗಿದೆಯಲ್ಲ' ಅಂತ ಸೀಸರನನ್ನು ಕುಟುಕಿದನಂತೆ. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸಿ ಅಂತ ಸೀಸರ್ ಹೇಳಿ ಹೋದ. ಆತ ಸತ್ತ ಮೇಲೆ ಅದೇ ಪುರೋಹಿತರು ಎಣಿಸಲು ಎಡವಿ ಮೂರು ವರ್ಷಕ್ಕೊಮ್ಮೆ ಸೇರಿಸುತ್ತಾ ಬಂದರು, ಕೊನೆಗೆ ಸೀಸರನ ವಾರಸುದಾರ ಚಕ್ರವರ್ತಿ ಅಗಸ್ಟಸ್ ಕೆಲವು ವರ್ಷ ಆ ಹೆಚ್ಚಿನ ದಿನವನ್ನೇ ನಿಲ್ಲಿಸಿ ಸರಿ ಮಾಡಬೇಕಾಯಿತು.