301 ಕೊಡುವ ಮುಂಚೆ

ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರಿಗೆ ಹೊಸ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಹಳೇ ಸೈಟನ್ನು ಮುಟ್ಟದೆ, ಹೊಸದನ್ನು ‘ಶಾಪ್’ ಅನ್ನೋ ಫೋಲ್ಡರ್‌ನಲ್ಲಿ ಇಟ್ಟೆ. ಬಂದವರನ್ನೆಲ್ಲ ಅಲ್ಲಿಗೆ ಕಳಿಸಬೇಕು, ಅಷ್ಟೇ ಕೆಲಸ. ಪುಟಗಳನ್ನು ಕೊಡೋದು ಅಪಾಚೆ ಅನ್ನೋ ಸರ್ವರ್. ಅದಕ್ಕೆ ಸೂಚನೆ ಬರೆಯುವ ಡಾಟ್ ಎಚ್‌ಟಿ‌ಆಕ್ಸೆಸ್ ಫೈಲ್‌ನಲ್ಲಿ ಒಂದು ರಿರೈಟ್ ರೂಲ್ (ಕೇಳಿದ ಅಡ್ರೆಸ್ ಬದಲಿಸುವ ನಿಯಮ) ಬರೆದೆ: ಯಾವ ಪುಟ ಕೇಳಿದರೂ ಅದರ ಹೆಸರಿನ ಮೊದಲು ‘ಶಾಪ್’ ಹಚ್ಚಿ, ‘ಬೇರೆ ಅಡ್ರೆಸ್‌ಗೆ ಹೋಗು’ ಅನ್ನೋ 301 ರೀಡೈರೆಕ್ಟ್ ಕೊಟ್ಟು ಕಳಿಸು.

ತೆರೆದು ನೋಡಿದರೆ ಅಡ್ರೆಸ್‌ನಲ್ಲಿ ಶಾಪ್, ಶಾಪ್, ಶಾಪ್ ಅಂತ ಬಾಲ ಬೆಳೆದಿದೆ. ರೀಡೈರೆಕ್ಟ್ ಜಾಸ್ತಿ ಆಯ್ತು ಅಂತ ಬ್ರೌಸರ್ ಕೈಚೆಲ್ಲಿತ್ತು. ಪಕ್ಕದ ಹುಡುಗ ನಕ್ಕ: “ಗೋಳಗುಮ್ಮಟದಾಗ ಕೂಗಿದಂಗ ಆತಲ್ರೀ ಸರ!”

‘ಯಾವ ಪುಟ ಕೇಳಿದರೂ’ ಅಂದಮೇಲೆ ಶಾಪ್ ಫೋಲ್ಡರಿನ ಪುಟವೂ ಅದರಲ್ಲಿ ಬಂತು ಅಲ್ವಾ? ರೂಲ್‌ನ ಮೇಲೆ ಒಂದು ರಿರೈಟ್ ಕಂಡಿಷನ್ ಹಾಕಿದೆ: ಅಡ್ರೆಸ್ ಆಗಲೇ ಶಾಪ್‌ನಿಂದ ಶುರುವಾಗಿದ್ದರೆ ಮುಟ್ಟಬೇಡ. ಆ ಕಂಡಿಷನ್ ತನ್ನ ಕೆಳಗಿನ ಒಂದೇ ರೂಲ್‌ಗೆ ಅನ್ವಯಿಸುತ್ತದೆ, ನಡುವೆ ಬೇರೆ ರೂಲ್ ತೂರಿಸಿದರೆ ಕೆಟ್ಟಿತು.

ನಿಜವಾದ ಪೆಟ್ಟು ತಿಂಗಳ ಮೇಲೆ ಬಿತ್ತು. ವಿಸಿಟಿಂಗ್ ಕಾರ್ಡ್‌ನಲ್ಲಿ ‘ಶಾಪ್’ ಬೇಡ ಅಂದರು ಸಾಹುಕಾರರು. ಸೈಟನ್ನು ಮೇಲಿನ ಫೋಲ್ಡರ್‌ಗೆ ತಂದು, ರೂಲ್ ಅಳಿಸಿ ಮನೆಗೆ ಹೋದೆ. ಬೆಳಿಗ್ಗೆ ಫೋನ್. “ನನ್ನ ಮೊಬೈಲ್‌ನ್ಯಾಗ ತೆರೀವಲ್ದರೀ. ಮಗನ ಹೊಸಾ ಮೊಬೈಲ್‌ನ್ಯಾಗ ಛಲೋ ಬರಾಕತ್ತೈತಿ.”

ನಾನು ಬ್ರೌಸರ್ ಇಲ್ಲದೆ ಸರ್ವರನ್ನೇ ಕೇಳುವ ಕರ್ಲ್ ಅನ್ನೋ ಕಮಾಂಡ್ ಹಾಕಿ ನೋಡಿದೆ. ಸರ್ವರ್ ನೆಟ್ಟಗೆ 200, ಅಂದರೆ ಎಲ್ಲ ಸರಿ, ಅನ್ನುತ್ತಿದೆ. ಅರ್ಧ ದಿನ ಹೋಸ್ಟಿಂಗ್‌ನವರನ್ನು ಸುಮ್ನೆ ಬೈದುಕೊಂಡೆ. ತಪ್ಪು ನನ್ನದೇ. 301 ಅಂದರೆ ಕಾಯಂ ಸ್ಥಳಾಂತರ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ಸರ್ವರನ್ನು ಕೇಳದೆಯೇ ಶಾಪ್‌ಗೆ ಹೋಗುತ್ತದೆ. ಅಲ್ಲಿ ಈಗ ಏನೂ ಇಲ್ಲ, 404. ನಮ್ಮ ಬ್ರೌಸರಿನ ಆ ನೆನಪು (ಕ್ಯಾಶ್) ಅಳಿಸಬಹುದು, ಗಿರಾಕಿಗಳ ಮೊಬೈಲ್‌ಗೆಲ್ಲ ಕೈ ಹಾಕಲಾದೀತೇ?

ಶಾಪ್‌ಗೆ ಬಂದವರನ್ನು ವಾಪಸ್ 301 ಮಾಡಿದರಾಯ್ತು ಅನ್ನಿಸಿತು. ಆದರೆ ಹಾಗೆ ಮಾಡಿದರೆ ಸರ್ವರ್ ಮೇಲಕ್ಕೆ ಕಳಿಸುತ್ತದೆ, ಹಳೇ ನೆನಪು ಮತ್ತೆ ಕೆಳಕ್ಕೆ ತಳ್ಳಬಹುದು. ಅದಕ್ಕೆ ರೀಡೈರೆಕ್ಟ್ ಮಾಡಿಸುವ ‘ಆರ್’ ಫ್ಲ್ಯಾಗ್ ಬಿಟ್ಟು ಒಳಗಿನ ರಿರೈಟ್ ಬರೆದೆ. ಶಾಪ್‌ನಲ್ಲಿ ಏನು ಕೇಳಿದರೂ ಮೇಲಿನ ಫೈಲನ್ನೇ ಕೊಡು, ಅಡ್ರೆಸ್ ಬದಲಿಸಬೇಡ. ಸಾಹುಕಾರರ ಮೊಬೈಲ್ ತೆರೆಯಿತು.

ಈಗ ಮೊದಲು 302, ಅಂದರೆ ತಾತ್ಕಾಲಿಕ ಸ್ಥಳಾಂತರ, ಹಾಕುತ್ತೇನೆ, ಅದನ್ನು ಬ್ರೌಸರ್ ಸಾಮಾನ್ಯವಾಗಿ ನೆನಪಿಡುವುದಿಲ್ಲ. ಮಾಲೀಕರು ಕಾರ್ಡ್ ಛಾಪಿಸಿದ ಮೇಲೆಯೇ 301. ಶಾಪ್‌ನ ಆ ಒಳಗಿನ ರಿರೈಟ್ ಮಾತ್ರ ಇನ್ನೂ ಫೈಲ್‌ನಲ್ಲೇ ಇದೆ. ತೆಗೆಯೋಕೆ ಧೈರ್ಯ ಬಂದಿಲ್ಲ.